ಮೂರನೆಯ ಕೀಲಿಕೈ

ನನ್ನ ಅಣ್ಣ ಹಂಫ್ರಿ ಡಕೆಟ್ ಹೇಡಿ. ಡಾರ್ಸೆಟ್ ಜಿಲ್ಲೆಯ ಚರಿತ್ರೆ ಬರೆಯಲು ಇಪ್ಪತ್ತಾರು ವರ್ಷ ಊರೂರು ಸುತ್ತಿದ. ನಾಯಿ ಬೊಗಳಿದ ಮನೆಗಳ ಕಥೆಯನ್ನು ಮಾತ್ರ ಪಕ್ಕದ ಮನೆಯವರಿಂದ ಕೇಳಿ ಬರೆದ. ಹಸ್ತಪ್ರತಿಯನ್ನೆಲ್ಲ ತಿದ್ದಿ ಬರೆದವಳು ನಾನು, ಆದ್ದರಿಂದ ಬಲ್ಲೆ.

ಅವನು ಆಶ್‌ಕಂಬ್ ಊರಿನ ಪಾದ್ರಿ. ಆ ಕೆಲಸವೂ ನಾವಿದ್ದ ಮನೆಯೂ ಜಮೀನ್ದಾರ ಸರ್ ಗಿಲ್ಬರ್ಟ್ ವೇಕ್ ಅವರ ಕೃಪೆ. ಅವರ ವಂಶಾವಳಿಗಾಗಿ ಚರ್ಚಿನ ಪೆಟ್ಟಿಗೆ ಹುಡುಕುವಾಗ ಅಣ್ಣನಿಗೊಂದು ಚರ್ಮಪತ್ರ ಸಿಕ್ಕಿತು. ಅವರ ಪೂರ್ವಿಕನೊಬ್ಬ ಊರಾಚೆಯ ಬಯಲನ್ನು ಬಡವರ ಉರುವಲಿಗೂ ದನಗಳಿಗೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದ. ಅಣ್ಣ ಅದನ್ನು ಚರ್ಚಿನ ಇಬ್ಬರು ಮೇಲ್ವಿಚಾರಕರ ಎದುರಿಗೇ ಓದಿ, ಮತ್ತೆ ಪೆಟ್ಟಿಗೆಯಲ್ಲೇ ಇಟ್ಟು ಬೀಗ ಹಾಕಿದ. ಕೇಳಿ ಹಿಗ್ಗುತ್ತಾರೆಂದು ಅಣ್ಣ ಅದರ ಒಕ್ಕಣೆಯನ್ನು ಸರ್ ಗಿಲ್ಬರ್ಟರ ಊಟದ ಮೇಜಿನಲ್ಲೇ ಹೇಳಿದ. ಅದೇ ಬಯಲಿಗೆ ಬೇಲಿ ಹಾಕಿಕೊಳ್ಳಲು ಅವರು ಪಾರ್ಲಿಮೆಂಟಿನ ಅಪ್ಪಣೆ ತಂದದ್ದು ಊರಿಗೆಲ್ಲ ಗೊತ್ತಿತ್ತು. ನೂರು ವರ್ಷಕ್ಕಿಂತ ಈಚಿನ ಸುದ್ದಿ ಅಣ್ಣನ ಕಿವಿಗೆ ಬೀಳುತ್ತಿರಲಿಲ್ಲ.

ಸರ್ ಗಿಲ್ಬರ್ಟ್ ಕುರಿಮಾಂಸ ಕೊಯ್ಯುತ್ತಲೇ ಹೇಳಿದರು: “ಆ ಪೆಟ್ಟಿಗೆಗೆ ಮೂರು ಬೀಗ ಅಲ್ವೇ, ಪಾದ್ರಿಗಳೇ? ನಿಮ್ಮ ಹತ್ರ ಇರೋ ಒಂದು ಕೀಲಿ ಕಳೆದ್ರೂ ತೆಗೆಯೋಕಾಗಲ್ಲ. ಹೊಳೆ ಇಲ್ಲೇ ಇದೆ. ನಿಮ್ಮ ವಯಸ್ಸಲ್ಲಿ ಮನೆ ಬದಲಾಯಿಸೋದು ಕಷ್ಟ ನೋಡಿ.”

ಮರುದಿನದಿಂದ ಅವರ ಬೇಟೆಕಾಡಿನ ಕಾವಲುಗಾರ ಪ್ರತಿದಿನ ಬೆಳಿಗ್ಗೆ ಬಂದೂಕು ಹಿಡಿದು ನಮ್ಮ ಗೇಟಿನಲ್ಲಿ ನಿಲ್ಲತೊಡಗಿದ. ಟೋಪಿ ಎತ್ತಿ ವಂದಿಸುತ್ತಿದ್ದ, ಅಷ್ಟೇ. ಅಣ್ಣ ಊಟ ಬಿಟ್ಟ. ಬಾಗಿಲು ಕಿರುಗುಟ್ಟಿದರೆ ಲೇಖನಿ ಕೆಳಗೆ ಬೀಳುತ್ತಿತ್ತು. ಕುಂಟತೊಡಗಿದ, ಕೀಲುನೋವು ಎಂದುಕೊಂಡೆ.

ಬೇಲಿಯ ವಿಚಾರಣೆ ಚರ್ಚಿನಲ್ಲೇ ನಡೆಯಿತು. ಬಯಲಿನ ಮೇಲೆ ಹಕ್ಕು ಹೇಳಿಕೊಳ್ಳಲು ಊರಿನವರಿಗೆ ಅದೇ ಕೊನೆಯ ದಿನ. ನಲವತ್ತು ಮನೆಯವರು ಹಿಂದೆ ನಿಂತಿದ್ದರು. ಮೇಲ್ವಿಚಾರಕರಲ್ಲೊಬ್ಬ, ಕಮ್ಮಾರ ಜೋಬ್ ಹಸಿ, ಎರಡು ಕೀಲಿ ಮೇಜಿನ ಮೇಲಿಟ್ಟ.

“ನಮ್ಮಿಬ್ಬರ ಕೀಲಿ ಇಲ್ಲಿವೆ. ನಿಮ್ದು, ಪಾದ್ರಿಗಳೇ?”

“ಕಳೆದುಹೋಗಿದೆ.”

“ಮುನ್ನೂರು ವರ್ಷದ ಹಿಂದೆ ಸತ್ತೋರ ಹೆಂಡ್ತಿ ಹೆಸರು ಹೇಳ್ತೀರಿ. ಕೀಲಿ ಎಲ್ಲಿಟ್ರಿ ಅಂತ ಗೊತ್ತಿಲ್ವೇ?”

ಯಾರೂ ನಗಲಿಲ್ಲ. ಬಿಷಪ್ಪರ ಅಪ್ಪಣೆಯಿಲ್ಲದೆ ಪೆಟ್ಟಿಗೆ ಒಡೆಯುವಂತಿಲ್ಲ ಎಂದ ವಿಚಾರಣಾಧಿಕಾರಿ, ಲೇಖನಿಯನ್ನು ಶಾಯಿಗೆ ಅದ್ದಿದ. ಬಾಗಿಲಲ್ಲಿದ್ದ ಆ ಕಾವಲುಗಾರ ಅಣ್ಣನಿಗೆ ಟೋಪಿ ಎತ್ತಿದ.

ಅಣ್ಣ ಬೆಂಚಿನ ಮೇಲೆ ಕುಸಿದ. ನೀರು ತರಲು ನಾನು ಎದ್ದೆ. ಅವನು ಯಾರನ್ನೂ ನೋಡದೆ ಬಗ್ಗಿ, ಎಡಗಾಲಿನ ಬೂಟು ಬಿಚ್ಚಿ, ಒಳಗಿದ್ದ ಕೀಲಿಕೈಯನ್ನು ಉಳಿದೆರಡರ ಪಕ್ಕದಲ್ಲಿಟ್ಟ. ಅವನ ಕಾಲುಚೀಲದ ಹಿಮ್ಮಡಿ ರಕ್ತದಿಂದ ನೆನೆದಿತ್ತು.