ಜವರಣ್ಣನ ಡ್ರೋನು, ಊರಿನ ಮುಯ್ಯಿ

ಹೊಗೆಸೊಪ್ಪಿಗೆ ಔಷಧಿ ಹೊಡೆಯುವ ಡ್ರೋನ್ ಮಾರುವುದು ನನ್ನ ಕೆಲಸ. ಇಂಥ ಯಂತ್ರ ಕೈ ಬದಲಾಗಿ ಯುದ್ಧಕ್ಕೆ ಹೋಗಬಾರದು ಅಂತ ದೇಶದೇಶಗಳೇ ಮಾತಾಡಿಕೊಂಡಿವೆ. ಹಾಗಾಗಿ ಕೊಳ್ಳುವವರನ್ನು ವಿದೇಶಿ ಕಂಪನಿಯವರು ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿದ ಮೇಲೇ, ಯಂತ್ರ ಹಾರದಂತೆ ಹಾಕಿದ ಲಾಕನ್ನು ಅಲ್ಲಿಂದಲೇ ತೆಗೆಯುವುದು. ಹನಗೋಡಿನ ಜವರಣ್ಣನ ಸರದಿ ಬಂತು. ಎರಡೂ ಕಡೆಗೆ ನಾನೇ ದುಭಾಷಿ.

"ಇದನ್ನ ಬೇರೆಯವರಿಗೆ ಕೊಡ್ತೀರಾ?" ಅಂತ ಆ ಕಡೆಯ ಅಧಿಕಾರಿ ಕೇಳಿದಳು.

"ಕೊಡ್ದೆ ಇರಕ್ಕಾಯ್ತದಾ? ಊರೋರು ಬಂದು ನಮ್ ಸೊಪ್ಪು ಕಿತ್ಕೊಟ್ಟವ್ರೆ. ನಾವು ಮುಯ್ಯಿ ತೀರಿಸ್ಬ್ಯಾಡ್ವಾ?" ಅಂದರು ಜವರಣ್ಣ.

ಇದನ್ನು ಹಾಗೇ ಹೇಳಿದರೆ ಅವಳು ಲಾಕ್ ತೆಗೆಯುವುದುಂಟೇ! "ಡ್ರೋನ್ ಜೊತೆ ನೀವೂ ಹೋಗ್ತೀರಾ ಅಣ್ಣ?" ಅಂದೆ.

"ಇನ್ನೇನವ್ವ? ಎತ್ತು ಕೊಟ್ರೆ ಅಗ್ಗ ಇಡ್ಕೊಂಡು ನಾನೇ ಓಗಲ್ವಾ?"

"ಯಂತ್ರ ಇವರ ಕೈ ಬಿಟ್ಟು ಹೋಗೋದಿಲ್ಲ," ಎಂದು ಇಂಗ್ಲಿಷಿನಲ್ಲಿ ಖಡಾಖಂಡಿತವಾಗಿ ಹೇಳಿದೆ. ಅವಳು ಒಪ್ಪಿ ಲಾಕ್ ತೆಗೆದಳು.

ಜವರಣ್ಣ ಬಿಡಬೇಕಲ್ಲ! "ಆಯಮ್ಮನ್ನೂ ಒಂದ್ ಮಾತು ಕೇಳವ್ವ. ಅವರ ದೇಶದೋರು ಬಾಂಬು ಮಾರ್ತಾರಲ್ಲ, ಅದ್ರ ಜೊತೇಲೂ ಓಯ್ತಾರಾ?"

ಕಾಲ್ ಕಟ್ ಮಾಡಿ, "ನೆಟ್‌ವರ್ಕ್ ಹೋಯ್ತು ಕಣಣ್ಣ" ಅಂದೆ. ನಮ್ಮ ಕಡೆ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ.