ಎಡಗಡೆಯ ಬೆಟ್ಟ

ನಮ್ಮ ಟೀವಿಗೆ ಸಿಕ್ಕಿಸಿರುವ ಹಳೇ ಗೇಮುಗಳ ಡಬ್ಬಿಯಲ್ಲಿ ಗೇಮ್‌ಪ್ಯಾಡಿಗೆ ಎರಡು ಸೆಟ್ಟಿಂಗ್ ಇವೆ ಗೆಳೆಯರೇ, ನನ್ನದೊಂದು, ಹೆಂಡತಿ ಸವಿತಾಳದೊಂದು. ಇವತ್ತು ಸಂಜೆ ಮೂರನೆಯದು ಹುಟ್ಟಿತು.

ಸವಿತಾ ಕೊನೆಯ ಲೈಫಿನಲ್ಲಿ ಆಡುತ್ತಿದ್ದಳು. ಕುಕ್ಕರ್ ಕೂಗಿತೆಂದು ಪ್ಯಾಡನ್ನು ಊರಿಂದ ಬಂದಿದ್ದ ತನ್ನಮ್ಮನ ಕೈಗೆ ಕೊಟ್ಟು ಒಳಗೆ ಹೋದಳು. ಅತ್ತೆ ಎಡಗಡೆಯ ಬಟನ್ ಒತ್ತಿ ಹಿಡಿದರು. ಹೀರೊ ಪರದೆಯ ಅಂಚಿಗೆ ತಾಗಿಕೊಂಡು ನಿಂತಲ್ಲೇ ನಡೆಯತೊಡಗಿದ.

"ಅತ್ತೆ, ಬಲಗಡೆ ಹೋಗ್ಬೇಕು. ಆ ಕಡೆ ಏನೂ ಇಲ್ಲ."

"ಬೆಟ್ಟ ಐತಲ್ಲ ಅಳಿಯಂದ್ರೇ? ನಮ್ಮ ಮಾಕಳಿದುರ್ಗದಂಗೇ ಐತೆ."

ನಿಜ, ಅಂಚಿನಲ್ಲಿ ಅರ್ಧ ಕತ್ತರಿಸಿದ ನೀಲಿ ಬೆಟ್ಟವೊಂದಿತ್ತು. ಅತ್ತೆಯ ಜೊತೆ ವಾದ ಮಾಡಲಾದೀತೇ? ಮೆಲ್ಲಗೆ ಕೀಬೋರ್ಡ್ ಎಳೆದುಕೊಂಡು ಸೆಟ್ಟಿಂಗಿನಲ್ಲಿ ಎಡ-ಬಲ ಅದಲುಬದಲು ಮಾಡಿದೆ. ಹೀರೊ ಬಲಕ್ಕೆ ತಿರುಗಿ ನಡೆದ.

"ಯಾಕಪ್ಪಾ ವಾಪಸ್ ಹೊಂಟೆ?" ಎಂದು ಅವನನ್ನೇ ಕೇಳಿದ ಅತ್ತೆ, ಪ್ಯಾಡನ್ನು ತಲೆಕೆಳಗು ಮಾಡಿ ಹಿಡಿದರು. ಎಡ ಮತ್ತೆ ಎಡವೇ ಆಯಿತು. ಕಿಟಕಿಯ ಬಿಸಿಲು ಪರದೆಗೆ ಬಿದ್ದು ಬೆಟ್ಟ ಬೆಳಗುತ್ತಿತ್ತು. ನಾನೂ ಸುಮ್ಮನೆ ನೋಡುತ್ತಾ ಕುಳಿತುಬಿಟ್ಟೆ. ಟೈಮ್ ಮುಗಿದು ಹೀರೊ ಬಿದ್ದ.

"ಅಮ್ಮಾ, ನನ್ನ ಲೈಫು!" ಬಾಗಿಲಲ್ಲೇ ಕೂಗಿದಳು ಸವಿತಾ.

"ನಡ್ದೂ ನಡ್ದೂ ಸುಸ್ತಾಗೈತೆ ಕಣೇ ಅವ್ನಿಗೆ. ಮಲಗ್ಲಿ ಬಿಡು" ಎಂದರು ಅತ್ತೆ.

ಅವರು ಊರಿನ ಬಸ್ಸು ಹತ್ತಿ ಹೋಗಿದ್ದಾಯಿತು. ಸೆಟ್ಟಿಂಗ್ ನಾನಿನ್ನೂ ಬದಲಿಸಿಲ್ಲ. ಪ್ಯಾಡನ್ನು ತಲೆಕೆಳಗಾಗಿ ಹಿಡಿದು ಬೆಟ್ಟದ ಕಡೆಗೆ ನಡೆಯುತ್ತಲೇ ಇದ್ದೇನೆ. ಲೈಫು ಹೋಯಿತೆಂದು ನನ್ನೊಡನೆ ಮಾತು ಬಿಟ್ಟಿದ್ದ ಸವಿತಾ ಪಕ್ಕದಲ್ಲೇ ಬಂದು ಕುಳಿತಿದ್ದಾಳೆ.

"ಇನ್ನೂ ಸ್ವಲ್ಪ ಜೋರಾಗಿ ಒತ್ರೀ, ಹತ್ರ ಬಂತು ಅನ್ಸುತ್ತೆ."