ತಮ್ಮ ವಾದವನ್ನು ತಾವೇ ಕೆಡವಿಸಿದ ಗುರುಗಳು

ಗ್ರೀಕ್ ಭಾಷೆಯ ಚರಿತ್ರೆಯನ್ನು ಬಲ್ಲವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಅದರಲ್ಲೂ ಆ ಭಾಷೆಯ ಸಂಬಂಧವಾಚಕ ಸರ್ವನಾಮಗಳ ಬೆನ್ನು ಹತ್ತಿ ಆಯುಷ್ಯವನ್ನೇ ಸಂತೋಷದಿಂದ ಸವೆಸಿದವರು ಈಗ ನಿವೃತ್ತರಾಗುತ್ತಿರುವ ನಮ್ಮ ಗುರುಗಳೊಬ್ಬರೇ. 'ನಿನ್ನೆ ಬಂದ ಹೆಂಗಸು' ಎಂದು ನಾವು ಸಲೀಸಾಗಿ ಮುಗಿಸುವುದನ್ನು ಗ್ರೀಕರು 'ಯಾವಳು ನಿನ್ನೆ ಬಂದಳೋ ಆ ಹೆಂಗಸು' ಎಂಬ ಧಾಟಿಯಲ್ಲಿ ಹೇಳುತ್ತಾರೆ. ಹಳೆಯ ಕಾವ್ಯಗಳಲ್ಲಿ 'ಆ' ಎಂದು ತೋರಿಸುವ ಪದವೂ ಈ ಕೆಲಸಕ್ಕೆ ಕೈ ಹಾಕುತ್ತಿತ್ತು. ಆಮೇಲೆ ಅದಕ್ಕೆಂದೇ ಇದ್ದ ಸರ್ವನಾಮದ ಕೈ ಮೇಲಾಯಿತು. ಕಡೆಗೆ 'ಎಲ್ಲಿ' ಎಂಬರ್ಥದ ಪುಟ್ಟ ಪದವೊಂದು ಬಂದು, ಲಿಂಗ ವಚನ ವಿಭಕ್ತಿಗಳ ಗೊಡವೆಯೇ ಇಲ್ಲದೆ, ಜನರ ಮಾತಿನಲ್ಲಿ ಗಟ್ಟಿಯಾಗಿ ತಳವೂರಿಬಿಟ್ಟಿತು.

ಈ ಪುಟ್ಟ ಪದ ಮೊದಲು ಊರು ಮನೆಗಳಿಗೆ, ಆಮೇಲೆ ವಸ್ತುಗಳಿಗೆ, ಕೊನೆಗೆ ಮನುಷ್ಯರಿಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂತು ಎಂಬುದು ಗುರುಗಳಿಗೆ ಹೆಸರು ತಂದುಕೊಟ್ಟ ವಾದ. ಆ ವಾದವನ್ನು ಮಂಡಿಸಿದ ಅವರ ಪುಸ್ತಕ ಬಂದ ಕೆಲವೇ ವರ್ಷಗಳಲ್ಲಿ ನಾನು ಅವರ ಬಳಿ ಸಂಶೋಧನೆಗೆ ಸೇರಿದೆ. ವಿಭಾಗದಲ್ಲಿದ್ದುದು ಒಂದೇ ಕಿಟಕಿ. ಹಳೆಯ ಹಸ್ತಪ್ರತಿಗಳ ಫೋಟೋಗಳನ್ನು ಹಗಲಿನ ಬೆಳಕಿನಲ್ಲಿ ಓದಬೇಕೆಂದು ಆ ಕಿಟಕಿಯ ಮೇಜನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟು, ತಾವು ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ ಕೂರುತ್ತಿದ್ದರು. ನನ್ನ ಮಗಳಿಗೆ ಜ್ವರ ಬಂದ ದಿನಗಳಲ್ಲಿ ಪಾಠವನ್ನು ನಮ್ಮ ಮನೆಯ ಅಡುಗೆಮನೆಗೇ ತಂದು, ವಿಭಕ್ತಿ ಹೇಳುತ್ತಲೇ ಹಾಲು ಉಕ್ಕದಂತೆ ನೋಡಿಕೊಂಡವರು ಅವರು. ಒಮ್ಮೆ ಉಕ್ಕಿಸಿದರು, ಅದು ಬೇರೆ ಮಾತು.

ಆ ಕಿಟಕಿಯ ಬೆಳಕಿನಲ್ಲೇ ನನಗೆ ಗ್ರಹಚಾರ ಕಾದಿತ್ತು. ನಾನು ಓದಿದ ಹಳೆಯ ಪತ್ರಗಳಲ್ಲಿ ಆ ಪದ ಮನೆಗೂ ಮನೆಯೊಡತಿಗೂ ಒಟ್ಟಿಗೇ ಬಳಕೆಯಾಗಿತ್ತು. ಮೆಟ್ಟಿಲಿನ ಸುಳಿವೇ ಇರಲಿಲ್ಲ. ಗುರುವಿಗೇ ತಿರುಮಂತ್ರ ಹಾಕುತ್ತೀಯಾ ಎಂದು ಜೊತೆಯವರು ಹೆದರಿಸಿದರು. ಜೀವ ಕೈಯಲ್ಲಿ ಹಿಡಿದುಕೊಂಡೇ, ಇದನ್ನು ಬರೆದಿದ್ದ ನನ್ನ ಪ್ರಬಂಧದ ಅಧ್ಯಾಯವನ್ನು ಅವರ ಕೈಗಿಟ್ಟೆ. ಒಂದು ವಾರ ಮಾತೇ ಇಲ್ಲ. ಅವರ ಮಡದಿ, ನಾವೆಲ್ಲ ಅಕ್ಕ ಎಂದು ಕರೆಯುವವರು, ಬಸ್‌ಸ್ಟಾಪಿನಲ್ಲಿ ಸಿಕ್ಕವರು, "ಏನಮ್ಮಾ ಕೊಟ್ಟೆ ಓದೋಕೆ? ಸರಿಯಾಗಿ ಊಟಾನೇ ಮಾಡ್ತಿಲ್ಲ ಇವರು" ಎಂದರು. ನನ್ನ ಪದವಿಯ ಕಥೆ ಮುಗಿಯಿತೆಂದುಕೊಂಡೆ.

ಎಂಟನೆಯ ದಿನ ಕರೆದು ಕೂರಿಸಿ, ಹಾಳೆಗಳನ್ನು ನನ್ನ ಮುಂದಿಟ್ಟರು. "ಇಷ್ಟು ಉದಾಹರಣೆ ಸಾಲದಮ್ಮ. ನನ್ನನ್ನು ಬೀಳಿಸೋದಾದ್ರೆ ಸರಿಯಾಗಿ ಬೀಳಿಸು. ಅರ್ಧಂಬರ್ಧ ಬೀಳಿಸಿದ್ರೆ ಇಬ್ಬರಿಗೂ ನೋವು."

ಮುಂದಿನ ಆರು ತಿಂಗಳು ತಮ್ಮ ವಾದ ಎಲ್ಲೆಲ್ಲಿ ಸಡಿಲವಾಗಿದೆಯೆಂದು ಅವರೇ ನನಗೆ ತೋರಿಸಿಕೊಟ್ಟರು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಗುರುಗಳ ಹಳೆಯ ಸ್ನೇಹಿತರು. ಸ್ನೇಹಿತನ ಮಾನ ಕಾಯುವ ಆತುರದಲ್ಲಿ ಅವರು, ಈ ಪ್ರಬಂಧವನ್ನು ಹಿಂದಿರುಗಿಸುವುದೇ ಲೇಸು, ಮಾರ್ಗದರ್ಶಕರ ಪುಸ್ತಕವನ್ನೇ ಈ ಹುಡುಗಿ ಅರ್ಥ ಮಾಡಿಕೊಂಡಿಲ್ಲ ಎಂದುಬಿಟ್ಟರು. ಗುರುಗಳು ಎದ್ದು ನಿಂತರು. "ಅರ್ಥ ಮಾಡಿಕೊಂಡಿದ್ದಾಳೆ. ಅದಕ್ಕೇ ತಪ್ಪು ಕಂಡಿದೆ. ತಪ್ಪಿರೋದು ನನ್ನ ಪುಸ್ತಕದಲ್ಲಿ." ನನಗೆ ಪದವಿ ಸಿಕ್ಕಿತು. ಅವರ ಹೆಸರಿನ ಜೊತೆ ಅಂಟಿಕೊಂಡಿದ್ದ ವಾದ ಅಂದೇ ಕಳಚಿಬಿತ್ತು. ಅಂದು ಅವರ ಮೇಲೆ ಹುಟ್ಟಿದ ಗೌರವ ಈ ತನಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಆ ಪುಸ್ತಕವನ್ನು ಅವರೀಗ ಮೊದಲಿನಿಂದ ಮತ್ತೆ ಬರೆಯುತ್ತಿದ್ದಾರೆ. ನಿವೃತ್ತಿಗೆ ಏನು ಉಡುಗೊರೆ ಬೇಕೆಂದು ಕೇಳಿದ್ದಕ್ಕೆ ಹೊಸ ಅಧ್ಯಾಯವನ್ನು ಕೈಗಿತ್ತು, "ಓದು, ದಾಕ್ಷಿಣ್ಯ ಮಾಡ್ಬೇಡ" ಎಂದರು. ಓದಿದೆ, ಗುರುಗಳೇ. ಅಧ್ಯಾಯ ಸೊಗಸಾಗಿದೆ, ಎರಡು ಕಡೆ ತಪ್ಪಿದೆ. ವಯಸ್ಸಾದವರಿಗೆ ಏಕೆ ಹೇಳುವುದೆಂದು ಎರಡು ದಿನ ಸುಮ್ಮನಿದ್ದು ನೋಡಿದೆ, ಮನಸ್ಸು ಒಪ್ಪಲಿಲ್ಲ. ನಾಳೆಯೇ ಬಂದು ಹೇಳುತ್ತೇನೆ. ತಿದ್ದಿ ಬರೆಯಲು, ಬರೆದದ್ದನ್ನು ಮತ್ತೆ ಅನುಮಾನಿಸಲು, ನಿಮಗೆ ತುಂಬು ಆಯುಷ್ಯವೂ ಗಟ್ಟಿ ಕಣ್ಣುಗಳೂ ಇರಲಿ.